ದಖ್ಖನ್ ಬಂಡೆಯ ಮೇಲೆ ಭೂಕಂಪವೇ ಆಗುವುದಿಲ್ಲವೇ?

ಹಿಮಾಲಯದ ಕಡೆ ಭೂಮಿ ನಡುಗಿದಾಗಲೆಲ್ಲ ವಾಟ್ಸಾಪ್‌ನಲ್ಲಿ ಒಂದು ಸಂದೇಶ ಸುತ್ತಾಡುತ್ತದೆ: 'ದಖ್ಖನ್ ಪ್ರಸ್ಥಭೂಮಿ ಅಖಂಡ ಬಂಡೆ, ಇಲ್ಲಿ ಭೂಕಂಪ ಅಸಾಧ್ಯ.' ಇದರ ಮೊದಲರ್ಧದಲ್ಲಿ ತುಸು ಹುರುಳಿದೆ, ಉಳಿದರ್ಧ ತಪ್ಪು.

ಭಾರತದ ಭೂಫಲಕ (ಭೂಮಿಯ ಹೊರಪದರದ ಬೃಹತ್ ತುಂಡು) ವರ್ಷಕ್ಕೆ ಸುಮಾರು 5 ಸೆಂಟಿಮೀಟರಿನಂತೆ ಉತ್ತರಕ್ಕೆ ಸರಿದು ಏಷ್ಯಾದ ಫಲಕವನ್ನು ಒತ್ತುತ್ತಿರುವುದರಿಂದ ದೊಡ್ಡ ಕಂಪನಗಳು ಹಿಮಾಲಯದ ಅಂಚಿನಲ್ಲೇ ಹೆಚ್ಚು. ಆದರೆ ಆ ಒತ್ತಡ ಫಲಕದ ಒಳಭಾಗಕ್ಕೂ ಹರಡಿ, ನೆಲದಾಳದ ಹಳೆಯ ಬಿರುಕುಗಳಲ್ಲಿ ಕೂಡಿಕೊಂಡು, ಅಪರೂಪಕ್ಕೊಮ್ಮೆ ಹೊರಬೀಳುತ್ತದೆ.

ನಮ್ಮ ಗಡಿಯಾಚೆಯ ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಆದದ್ದೂ ಅದೇ. ಹಿಂದಿನ ದಿನ ಗಣೇಶನ ವಿಸರ್ಜನೆ ಮುಗಿಸಿ ಮಲಗಿದ್ದ ಜನ ಏಳುವ ಮೊದಲೇ, ಮಣ್ಣಿನ ಗಾರೆಯಲ್ಲಿ ಕಲ್ಲು ಜೋಡಿಸಿ ಕಟ್ಟಿದ್ದ ದಪ್ಪ ಗೋಡೆಗಳೂ ತೊಲೆಗಳ ಮೇಲೆ ಹೇರಿದ್ದ ಮಣ್ಣಿನ ಮಾಳಿಗೆಗಳೂ ಕುಸಿದವು. ಕಂಪನದ ಪ್ರಮಾಣ 6.2ರಷ್ಟೇ ಇದ್ದರೂ ಸತ್ತವರು ಸುಮಾರು ಹತ್ತು ಸಾವಿರ. ಬೇಸಿಗೆಯಲ್ಲಿ ತಂಪು ನೀಡುತ್ತಿದ್ದ ಆ ಮನೆಗಳ ಭಾರವೇ ಮುಳುವಾಯಿತು.

1967ರ ಡಿಸೆಂಬರ್‌ನಲ್ಲಿ ಅದೇ ರಾಜ್ಯದ ಕೊಯ್ನಾ ಅಣೆಕಟ್ಟಿನ ಬಳಿ ಆದ ಭೂಕಂಪದ ಕಥೆ ಬೇರೆ: ಜಲಾಶಯದಲ್ಲಿ ನಿಂತ ನೀರಿನ ಭಾರವೂ ಬಿರುಕುಗಳಿಗೆ ಇಳಿದ ನೀರಿನ ಒತ್ತಡವೂ ಅದಕ್ಕೆ ಪ್ರಚೋದನೆ ನೀಡಿದವೆಂದು ಭೂವಿಜ್ಞಾನಿಗಳು ಬಹುಮಟ್ಟಿಗೆ ಒಪ್ಪುತ್ತಾರೆ.

ಕಲಬುರಗಿ, ವಿಜಯಪುರ ಜಿಲ್ಲೆಗಳಲ್ಲಿ 2021ರಲ್ಲಿ ಅನುಭವಕ್ಕೆ ಬಂದ ಲಘು ಕಂಪನಗಳೂ ಇದೇ ಪ್ರಸ್ಥಭೂಮಿಯವು. ಆದ್ದರಿಂದ ಇಲ್ಲಿ ಭೂಕಂಪ ಅಪರೂಪ ಎನ್ನಬಹುದು, ಅಸಾಧ್ಯ ಎನ್ನಲಾಗದು.