ಜೇಬಲ್ಲಿ ಫೋನಿರುವಾಗ ಕೈಗೆ ಬೇರೆ ಜಿಪಿಎಸ್ ಬೇಕಾ?

ಗುಡ್ಡ, ಹೊಲ, ಕಾಡು ಸುತ್ತುವವರಿಗೆ, ಯಾರೋ ಬಚ್ಚಿಟ್ಟ ಡಬ್ಬಿಯನ್ನು ಅಕ್ಷಾಂಶ-ರೇಖಾಂಶ ನೋಡಿ ಹುಡುಕುವ ಜಿಯೋಕ್ಯಾಚಿಂಗ್ ಆಟ ಆಡುವವರಿಗೆ ಕೈಯಲ್ಲಿ ಹಿಡಿಯುವ ಜಿಪಿಎಸ್ ಬೇಕೋ ಬೇಡವೋ? ಗದಗಿನ ಒಬ್ಬರು ಬೇಕು ಅಂತಾರೆ. ಧಾರವಾಡದ ಒಬ್ಬರಿಗೆ ಬೇಡ ಅಂತ ಬರೆಯಲು ಕೇಳಿದೆವು.

ಪರ: ಬಟನ್ ಇರೋದನ್ನೇ ತಗೊಳ್ಳಿ

"ಫೋನಿದೆಯಲ್ಲ, ಸಾಕು" ಅನ್ನುವವರಿಗೆ ನನ್ನದು ಒಂದೇ ಪ್ರಶ್ನೆ. ಮಳೆಗಾಲದಲ್ಲಿ ನವಲಗುಂದದ ಕಡೆ ಎರಿ ಹೊಲದ, ಅಂದರೆ ಕರಿ ಮಣ್ಣಿನ ಹೊಲದ ದಾರಿಗೆ ಬೈಕ್ ಇಳಿಸಿದ್ದೀರಾ?

ಕಷ್ಟದ ದಾರಿ ಅಂದ ಕೂಡಲೇ ಎಲ್ಲರೂ ದಾಂಡೇಲಿ, ಕಪ್ಪತಗುಡ್ಡ ಅಂತಾರೆ. ನನ್ನ ಕೇಳಿದರೆ ನಮ್ಮ ಕಡೆ ಎಲ್ಲಕ್ಕಿಂತ ಕಠಿಣ ಜಾಗ ಬೆಣ್ಣಿಹಳ್ಳದ ಆಚೀಚಿನ ಕರಿ ಬಯಲು. ಗುಡ್ಡದಲ್ಲಿ ಹತ್ತುತ್ತಿದ್ದೀವೋ ಇಳೀತಿದ್ದೀವೋ ಅಷ್ಟಾದರೂ ಗೊತ್ತಾಗುತ್ತೆ. ಇಲ್ಲಿ ನಾಲ್ಕೂ ದಿಕ್ಕು ಒಂದೇ ಥರ. ಹೆಸರು, ಹತ್ತಿ, ಮತ್ತೆ ಹೆಸರು. "ಈ ಬೇವಿನ ಮರ ಆಗಲೇ ದಾಟಿದ್ವಲ್ಲ" ಅಂದರೆ ಅದು ಬೇರೆ ಬೇವು.

ಒಂದು ಶ್ರಾವಣದಲ್ಲಿ ನಾವು ಮೂವರು ಎರಡು ಬೈಕಿನಲ್ಲಿ ಆ ಕಡೆ ಹೋಗಿದ್ದೆವು. ಬಿಸಿಲಿತ್ತು, ದಾರಿ ಒಣಗಿತ್ತು. ಮಧ್ಯಾಹ್ನ ಒಂದು ಸಣ್ಣ ಮಳೆ ಹೊಡೀತು ನೋಡಿ, ಹತ್ತು ನಿಮಿಷವೂ ಇರಲಿಲ್ಲ. ಅಷ್ಟಕ್ಕೇ ಎರಿ ಮಣ್ಣು ಗಾಲಿಗೆ ಮೆತ್ತಿಕೊಂಡು ಮಡ್‌ಗಾರ್ಡ್ ಒಳಗೆ ತುಂಬಿತು. ಗಾಲಿ ತಿರುಗೋದೇ ಇಲ್ಲ. ತಳ್ಳಿದರೆ ಬೈಕ್ ಹಾಗೇ ಜಾರುತ್ತೆ. ಸ್ಕ್ರೂ ಡ್ರೈವರ್ ತೂರಿಸಿ ಮಣ್ಣು ಕೆತ್ತಿ ತೆಗೀಬೇಕು, ನಾಲ್ಕು ಮಾರು ಹೋಗಬೇಕು, ಮತ್ತೆ ಕೆತ್ತಬೇಕು. ಸ್ವಲ್ಪ ಹೊತ್ತಿಗೆ ಮೂವರದೂ ಮೊಣಕೈ ತನಕ ಮಣ್ಣು. ಮೇಲೆ ಸೋನೆ ಬಿಟ್ಟಿರಲಿಲ್ಲ.

ಆಗ ಗೆಳೆಯ ಫೋನ್ ತೆಗೆದ. ಹೊಸದು, ದುಬಾರಿಯದು. ಬೆರಳು ಇಟ್ಟ, ಲಾಕ್ ತೆಗೀಲಿಲ್ಲ. ಬನಿಯನ್ನಿಗೆ ಬೆರಳು ಒರೆಸಿಕೊಂಡು ಪ್ಯಾಟರ್ನ್ ಎಳೆದ, ಅರ್ಧಕ್ಕೆ ನಿಂತಿತು. ಹೇಗೋ ನಕ್ಷೆ ತೆರೆಯಿತು. ಸ್ಕ್ರೀನ್ ಮೇಲೆ ಎರಡು ಹನಿ ಬಿದ್ದವು, ನಕ್ಷೆ ತಾನೇ ಓಡಿ ಅರಬ್ಬಿ ಸಮುದ್ರಕ್ಕೆ ಹೋಗಿ ಕೂತಿತು. ಸುಮ್ನೆ ಹೇಳ್ತಿಲ್ಲ, ನೀಲಿ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ನನ್ನ ಜಿಪಿಎಸ್ ಕೊರಳಲ್ಲಿ ದಾರಕ್ಕೆ ನೇತಾಡುತ್ತಿತ್ತು. ಅದರ ಮೇಲೂ ಮಣ್ಣು. ಹೆಬ್ಬೆರಳಿನಿಂದ ಬಟನ್ ಒತ್ತಿದೆ, ಕೆಲಸ ಮಾಡಿತು. ಬಂದ ದಾರಿಯಲ್ಲೇ ವಾಪಸ್ ಹೋದರೆ ಡಾಂಬರು ರಸ್ತೆಗೆ ಐದು ಕಿಲೋಮೀಟರ್. ಮುಂದೆ ಎಡಕ್ಕೆ ಹೊರಳಿದರೆ ಒಂದೂವರೆ. ಎಡಕ್ಕೆ ತಳ್ಳಿದೆವು. ರಸ್ತೆ ಮುಟ್ಟುವಷ್ಟರಲ್ಲಿ ಸಂಜೆ, ಅಲ್ಲಿ ಒಂದು ಡಬ್ಬಿ ಅಂಗಡಿಯಲ್ಲಿ ಮಿರ್ಚಿ ಬಿಸಿ ಬಿಸಿ ಇತ್ತು ಅನ್ನೋದು ಬೇರೆ ಮಾತು. ಮನೆಗೆ ಬಂದು ಯಂತ್ರವನ್ನು ನಲ್ಲಿ ಕೆಳಗೆ ಹಿಡಿದು ತೊಳೆದೆ. ಫೋನನ್ನು ಹೀಗೆ ತೊಳೆಯುವ ಧೈರ್ಯ ಎಷ್ಟು ಜನಕ್ಕಿದೆ?

ಇನ್ನು ಬ್ಯಾಟರಿ. ಸಿಗ್ನಲ್ ಇಲ್ಲದ ಜಾಗದಲ್ಲಿ ಫೋನು ಟವರ್ ಹುಡುಕಿ ಹುಡುಕಿಯೇ ಸುಸ್ತಾಗುತ್ತೆ. ಬೆಳಗ್ಗೆ ತುಂಬಿದ್ದು ಮಧ್ಯಾಹ್ನಕ್ಕೆ ಕೆಂಪು. ಜಿಪಿಎಸ್ ಮಾಡುವ ಗಾರ್ಮಿನ್ ಕಂಪನಿಯ ಇಟ್ರೆಕ್ಸ್ 22ಎಕ್ಸ್, 32ಎಕ್ಸ್ ಎರಡು ಪೆನ್ಸಿಲ್ ಸೆಲ್ಲಿನ ಮೇಲೆ ಸುಮಾರು 25 ಗಂಟೆ ನಡೆಯುತ್ತವೆ ಅಂತ ಕಂಪನಿ ಹೇಳುತ್ತೆ. 2023ರಲ್ಲಿ ಬಂದ ಇಟ್ರೆಕ್ಸ್ ಎಸ್‌ಇಗೆ 168 ಗಂಟೆ ಅಂತಾರೆ, ಅಂದರೆ ಒಂದು ವಾರ. ಅದರ ಪರದೆ ಮಾತ್ರ ಕಪ್ಪು-ಬಿಳುಪು. ಸೆಲ್ ಮುಗಿದರೆ? ಡಂಬಳದ ಕಿರಾಣಿ ಅಂಗಡಿಯಲ್ಲೂ ಪೆನ್ಸಿಲ್ ಸೆಲ್ ಸಿಗುತ್ತೆ. ಚಾರ್ಜ್ ಮಾಡುವ ಸೆಲ್ ಹಾಕಿದರೆ ಸೆಟ್ಟಿಂಗ್‌ನಲ್ಲಿ ಸೆಲ್ಲಿನ ಜಾತಿ ಬದಲಿಸೋದು ಮರೀಬೇಡಿ. ಇಲ್ಲದಿದ್ದರೆ ಎಷ್ಟು ಉಳಿದಿದೆ ಅನ್ನೋದನ್ನು ತಪ್ಪು ತೋರಿಸುತ್ತೆ.

ಬೈಕಿನ ಹ್ಯಾಂಡಲ್ಲಿಗೆ ಫೋನ್ ಕಟ್ಟುವವರಿಗೆ ಇನ್ನೊಂದು ಮಾತು. ಹೆಚ್ಚು ಸಿಸಿಯ ಬೈಕ್ ಎಂಜಿನ್ನಿನ ನಡುಕ ಐಫೋನಿನ ಕ್ಯಾಮೆರಾವನ್ನು ಹಾಳು ಮಾಡಬಹುದು ಅಂತ 2021ರಲ್ಲಿ ಆ್ಯಪಲ್ ಕಂಪನಿಯೇ ಎಚ್ಚರಿಸಿತ್ತು. ನಾನು ಹೇಳಿದ್ದಲ್ಲ.

ಹಾಗಾದರೆ ಯಾವುದು ತಗೊಳ್ಳೋದು? ಟಚ್ ಸ್ಕ್ರೀನಿನ ಮಾಡೆಲ್ ನೋಡಲೇಬೇಡಿ, ಅದಕ್ಕೆ ಫೋನೇ ಆಗುತ್ತಿತ್ತು. ಬಟನ್ ಇರಬೇಕು. ಪೆನ್ಸಿಲ್ ಸೆಲ್ ನಡೀಬೇಕು. ಐಪಿಎಕ್ಸ್7 ಅಂತ ಬರೆದಿರಬೇಕು, ಅಂದರೆ ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ಬಿದ್ದಿದ್ದರೂ ಏನೂ ಆಗಲ್ಲ. ಮೆಮೊರಿ ಕಾರ್ಡ್ ಹಾಕುವ ಜಾಗ ಇದ್ದರೆ ಜನರೇ ಸೇರಿ ಕಟ್ಟಿದ ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ಮಾಡಿದ ನಕ್ಷೆ ಪುಕ್ಕಟೆ ಇಳಿಸಿಕೊಳ್ಳಬಹುದು. ಬಂಡೆ, ದಟ್ಟ ಮರದ ನಡುವೆ ತಿರುಗುವವರು ಸ್ವಲ್ಪ ಜಾಸ್ತಿ ಕೊಟ್ಟು ಉಪಗ್ರಹದ ಸಿಗ್ನಲ್ಲನ್ನು ಎರಡು ಫ್ರೀಕ್ವೆನ್ಸಿಯಲ್ಲಿ ಹಿಡಿಯುವ, ಗಾರ್ಮಿನ್‌ನದೇ ಜಿಪಿಎಸ್‌ಮ್ಯಾಪ್ 65 ಥರದ್ದು ನೋಡಲಿ. ಬಂಡೆಗೆ ಬಡಿದು ಬರುವ ಸಿಗ್ನಲ್ಲಿಗೆ ಅದು ಅಷ್ಟಾಗಿ ಮೋಸ ಹೋಗಲ್ಲ.

ಜಿಯೋಕ್ಯಾಚಿಂಗ್‌ಗಾದರೆ 22ಎಕ್ಸ್ ಬಿಟ್ಟು 32ಎಕ್ಸ್ ತಗೊಳ್ಳಿ. ಕಾರಣ ದಿಕ್ಸೂಚಿ. 22ಎಕ್ಸ್‌ನಲ್ಲಿ ಅದು ಇಲ್ಲ. ನಡೆಯುತ್ತಿದ್ದರೆ ಮಾತ್ರ ಬಾಣ ಸರಿಯಾಗಿ ತೋರಿಸುತ್ತೆ, ನಿಂತರೆ ಎತ್ತಲೋ ತಿರುಗುತ್ತೆ. ಕೊನೆಯ ಹತ್ತು ಮೀಟರಿನಲ್ಲಿ ನಾವು ಮಾಡೋದೇ ನಿಂತು ನೋಡೋದು. ಅಲ್ಲಿ ಬಾಣ ಕೈ ಕೊಟ್ಟರೆ ಡಬ್ಬಿಯ ಸುತ್ತ ಪ್ರದಕ್ಷಿಣೆ ಹಾಕೋದೇ ಆಗುತ್ತೆ.

ಒಂದು ಎಚ್ಚರಿಕೆ. ಇನ್‌ರೀಚ್ ಅಂತ ಬರೆದ ಮಾಡೆಲ್ಲನ್ನು ವಿದೇಶದ ಅಣ್ಣ-ತಮ್ಮಂದಿರಿಂದ ತರಿಸಬೇಡಿ. ಅದು ಇರಿಡಿಯಂ ಉಪಗ್ರಹದ ಮೂಲಕ ಮೆಸೇಜ್ ಕಳಿಸುತ್ತೆ. ನಮ್ಮ ದೇಶದಲ್ಲಿ ಪರವಾನಗಿ ಇಲ್ಲದೆ ಅದನ್ನು ಇಟ್ಟುಕೊಳ್ಳುವಂತಿಲ್ಲ. ವಿಮಾನ ನಿಲ್ದಾಣದಲ್ಲಿ ಇದಕ್ಕೇ ಸಿಕ್ಕಿಹಾಕಿಕೊಂಡ ವಿದೇಶಿ ಪ್ರವಾಸಿಗರಿದ್ದಾರೆ. ಮಾಡೆಲ್ ನಂಬರಿನ ಕೊನೆಯಲ್ಲಿ ಐ ಅಕ್ಷರ ಇದೆಯಾ ನೋಡಿಕೊಳ್ಳಿ. 66ಐ, 67ಐ ಈ ಜಾತಿಯವು.

ರೇಟು ಜಾಸ್ತಿ ಅನ್ನುವವರು ಇದ್ದಾರೆ. ಎರಡು ವರ್ಷಕ್ಕೊಂದು ಫೋನ್ ಬದಲಿಸುವವರ ಬಾಯಲ್ಲಿ ಆ ಮಾತು ಚಂದ ಕಾಣಲ್ಲ.

ವಿರೋಧ: ಬೇಡ ಅಂತ ಬರೀರಿ ಅಂದರು, ಬರೀತೀನಿ

ಸಂಪಾದಕರು ಫೋನ್ ಮಾಡಿ "ನೀವು ಬೇಡ ಅನ್ನೋ ಕಡೆ" ಅಂದರು. ಬೇಕು ಅನ್ನೋ ಕಡೆ ಆಗಲೇ ತುಂಬಿತ್ತಂತೆ. ಇರಲಿ. ಪೂರ್ತಿ ಬೇಡ ಅನ್ನಲು ನನಗೂ ಮನಸ್ಸಿಲ್ಲ, ಆದರೆ ಹೇಳೋದಕ್ಕೆ ಒಂದಿಷ್ಟು ಇದೆ.

ಮೊದಲನೆಯದು, ಫೋನಿನ ಜಿಪಿಎಸ್ಸೂ ಜಿಪಿಎಸ್ಸೇ. ಅದೇ 20,000 ಕಿಲೋಮೀಟರ್ ಮೇಲಿನ ಅದೇ ಉಪಗ್ರಹಗಳು. ಇಂಟರ್ನೆಟ್ ಇಲ್ಲದಿದ್ದರೂ ನಡೆಯುತ್ತೆ, ಮೊದಲ ಸಲ ಜಾಗ ಹಿಡಿಯೋಕೆ ಸ್ವಲ್ಪ ತಡ ಅಷ್ಟೇ. ಬಯಲಲ್ಲಿ ಫೋನು ಸಾಮಾನ್ಯವಾಗಿ 5 ಮೀಟರಿನ ಒಳಗೆ ಜಾಗ ತೋರಿಸುತ್ತೆ ಅಂತ ಜಿಪಿಎಸ್ ನಡೆಸುವ ಅಮೆರಿಕ ಸರ್ಕಾರವೇ ಹೇಳುತ್ತೆ. ಈಗ ಎಷ್ಟೋ ಫೋನುಗಳು ಎರಡು ಫ್ರೀಕ್ವೆನ್ಸಿ ಹಿಡಿಯುತ್ತವೆ, ಕೆಲವು ನಮ್ಮ ಇಸ್ರೋದ ನಾವಿಕ್ ಉಪಗ್ರಹಗಳನ್ನು ಕೂಡ. ನಕ್ಷೆ ಮನೆಯಲ್ಲೇ ಇಳಿಸಿಕೊಂಡು, ಫ್ಲೈಟ್ ಮೋಡಿಗೆ ಹಾಕಿ ಹೊರಟರೆ ಟವರ್ ಹುಡುಕುವ ಕಾಟವೂ ಇಲ್ಲ. ಪರ ಬರೆದವರು ಈ ಮಾತು ಎತ್ತಲೇ ಇಲ್ಲ, ಗಮನಿಸಿದಿರಾ? ಅವರ ಮಣ್ಣಿನ ಕೈಯ ಕಥೆ ಓದಿದೆ, ಚೆನ್ನಾಗಿದೆ. ಬಾಟಲಿಯಲ್ಲಿ ನೀರಿರಲಿಲ್ವಾ ಅಂತ ಮಾತ್ರ ಕೇಳಬೇಕು.

ಎರಡನೆಯದು, ನಾವು ಹೋಗುವ ಜಾಗ. ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ. ದಾಂಡೇಲಿ ಕಡೆ ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಮನಸ್ಸಿಗೆ ಬಂದ ಕಡೆ ನುಗ್ಗುವಂತಿಲ್ಲ, ಅನುಮತಿ ಬೇಕು. ಗೈಡ್ ಜೊತೆ ಹೋದರೆ ಅವರಿಗೆ ಪ್ರತಿ ಬಂಡೆ ಗೊತ್ತು. ಅವರ ಹಿಂದೆ ನಡೆಯೋಕೆ ಉಪಗ್ರಹ ಯಾಕೆ? ಲಕ್ಕುಂಡಿಯ ಗುಡಿ, ಬಾವಿಗಳಲ್ಲಿ ಡಬ್ಬಿ ಬಚ್ಚಿಡೋಣ ಅನ್ನುವವರೂ ಇದ್ದಾರೆ. ದಯವಿಟ್ಟು ಬೇಡ. ಸಂರಕ್ಷಿತ ಸ್ಮಾರಕದ ಕಲ್ಲಿನ ಸಂದಿಗೆ ಪ್ಲಾಸ್ಟಿಕ್ ಡಬ್ಬಿ ತುರುಕೋದು ಆಟ ಅಲ್ಲ. ಜಾಗದ ಯಜಮಾನರನ್ನು ಕೇಳಬೇಕು, ನೆಲ ಅಗೆಯಬಾರದು ಅಂತ ಆ ಆಟದ ನಿಯಮದಲ್ಲೇ ಇದೆ.

ಈ ಆಟ ಹುಟ್ಟಿದ ಕಥೆ ನನಗಿಷ್ಟ. ಅಮೆರಿಕದವರು ಜಿಪಿಎಸ್‌ನಲ್ಲಿ ಬೇಕಂತಲೇ ಬೆರೆಸುತ್ತಿದ್ದ ತಪ್ಪನ್ನು 2000ದ ಮೇ 2ರಂದು ನಿಲ್ಲಿಸಿದರು. ಮರುದಿನವೇ ಡೇವ್ ಉಲ್ಮರ್ ಅನ್ನುವವರು ಓರೆಗಾನ್‌ನ ಕಾಡಿನಲ್ಲಿ ಒಂದು ಬಕೆಟ್ ಬಚ್ಚಿಟ್ಟು ಅಕ್ಷಾಂಶ-ರೇಖಾಂಶ ಹಾಕಿದರು. ಆಗ ಜೇಬಿನ ಫೋನಲ್ಲಿ ಜಿಪಿಎಸ್ ಎಲ್ಲಿತ್ತು? ಅವರಿಗೆ ಕೈಯಂತ್ರವೇ ಬೇಕಿತ್ತು. ಈಗ ಆಟದ ಆ್ಯಪ್ ಫೋನಲ್ಲೇ ಇದೆ, ಸುಳಿವು, ಫೋಟೊ, ಹಿಂದೆ ಹುಡುಕಿದವರು ಬರೆದದ್ದು ಎಲ್ಲ ಅದರಲ್ಲೇ.

ನಮ್ಮ ಅಕ್ಕನ ಮಗನ ಕಥೆ ಹೇಳಿಬಿಡ್ತೀನಿ. ಹುಟ್ಟುಹಬ್ಬಕ್ಕೆ ಗೆಳೆಯರಿಗೆ ಆಟ ಇಟ್ಟಿದ್ದ. ಉಣಕಲ್ ಕೆರೆ ದಂಡೆಯ ಹತ್ತಿರ ಒಂದು ಡಬ್ಬಿ, ಅದರಲ್ಲಿ ಧಾರವಾಡ ಪೇಡೆ. ಜಿಯೋಕ್ಯಾಚಿಂಗ್‌ನಲ್ಲಿ ಬರೆಯುವ ಹಾಗೆ ಡಿಗ್ರಿ, ಮಿನಿಟು ಅಂತ ಚೀಟಿಯಲ್ಲಿ ಬರೆದುಕೊಟ್ಟ. 15 ಡಿಗ್ರಿ, 22.500 ಮಿನಿಟು ಉತ್ತರ, ಹೀಗೇನೋ. ಒಂದು ತಂಡದವನು ಅಪ್ಪನ ಜಿಪಿಎಸ್ ತಂದಿದ್ದ. ಒಂದು ಡಿಗ್ರಿಗೆ 60 ಮಿನಿಟು ಅನ್ನೋದು ಮರೆತು, ಅದಕ್ಕೆ ಇಡೀ ಸಂಖ್ಯೆಯನ್ನು ದಶಮಾಂಶದಲ್ಲಿ 15.22500 ಡಿಗ್ರಿ ಅಂತ ಒತ್ತಿದ. ಯಂತ್ರ ಪಾಪ, ಏನು ಕೊಟ್ಟರೋ ಅಲ್ಲಿಗೇ ಕರಕೊಂಡು ಹೋಯಿತು. ಉತ್ತರ-ದಕ್ಷಿಣದಲ್ಲೇ 16 ಕಿಲೋಮೀಟರಿಗೂ ಜಾಸ್ತಿ ವ್ಯತ್ಯಾಸ. ಮೂರು ಸ್ಕೂಟರ್ ಕಲಘಟಗಿ ಕಡೆ ಯಾರದೋ ಗೋವಿನಜೋಳದ ಹೊಲದ ಮುಂದೆ ಹೋಗಿ ನಿಂತವು. ಹೊಲದವರು "ಏನ್ ಹುಡಕಾಕತ್ತೀರಿ?" ಅಂದರೆ ಹುಡುಗರು "ಪೇಡೆ ರೀ" ಅಂದರಂತೆ. ಫೋನಿನ ತಂಡ ಅಷ್ಟೊತ್ತಿಗೆ ಡಬ್ಬಿ ಖಾಲಿ ಮಾಡಿತ್ತು.

ಫೋನಲ್ಲೂ ಹಾಗೇ ಒತ್ತಿದ್ದರೆ ಹಾಗೇ ಆಗುತ್ತಿತ್ತು ಅಂತ ನೀವು ಹೇಳಬಹುದು. ಹೌದು. ಆದರೆ ಫೋನಲ್ಲಿ ಉಣಕಲ್ ಕೆರೆ ಅಂತ ದೊಡ್ಡದಾಗಿ ಕಾಣುತ್ತೆ, ಬೆರಳಷ್ಟಗಲದ ಪರದೆಯಲ್ಲಿ ಬರೀ ಬಾಣ.

ಹಿಮಾಲಯಕ್ಕೆ ಹೋಗುವವರು, ವಾರಗಟ್ಟಲೆ ಕರೆಂಟ್ ಕಾಣದೆ ತಿರುಗುವವರು ತಗೊಳ್ಳಲಿ, ಬೇಡ ಅನ್ನಲ್ಲ. ಭಾನುವಾರ ನೃಪತುಂಗ ಬೆಟ್ಟ, ವರ್ಷಕ್ಕೊಮ್ಮೆ ಕಪ್ಪತಗುಡ್ಡ ಅನ್ನುವವರಿಗೆ ಫೋನು, ಒಂದು ಪವರ್ ಬ್ಯಾಂಕ್, ಮಳೆಗೆ ಒಂದು ಪ್ಲಾಸ್ಟಿಕ್ ಚೀಲ ಸಾಕು. ಆ ದುಡ್ಡಿಗೆ ಒಳ್ಳೆ ಬೂಟು ಬರುತ್ತೆ. ಯಂತ್ರ ಬೇಕೇ ಬೇಕು ಅನ್ನಿಸಿದ ದಿನ ಪರ ಬರೆದವರ ಹತ್ತಿರ ಒಂದಿದೆ, ಕೇಳಿ ತಗೊಂಡು ಹೋಗಿ. ಸೆಲ್ ಮಾತ್ರ ನೀವೇ ಹಾಕಿಸಿ.