ಈಮ್ ಗ್ರಾಮದ ಪ್ಲೇಗ್ ಕುರಿತ ಸಂದೇಶ: ಸ್ಪಷ್ಟನೆ

ಇಂಗ್ಲೆಂಡಿನ ಡರ್ಬಿಶೈರ್‌ನ ಈಮ್ ಗ್ರಾಮವನ್ನು ಪ್ಲೇಗ್ ಕಾಲದಲ್ಲಿ ರಾಜನ ಸೈನ್ಯ ಸುತ್ತುವರಿದು, ಒಬ್ಬರೂ ಉಳಿಯದಂತೆ ಸಾಯಲು ಬಿಟ್ಟಿತೆಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ನಿಜವಲ್ಲ.

1665ರಲ್ಲಿ ದರ್ಜಿಯೊಬ್ಬನ ಮನೆಗೆ ಲಂಡನ್ನಿನಿಂದ ಬಂದ ಬಟ್ಟೆಯ ಗಂಟಿನೊಂದಿಗೆ ರೋಗವೂ ಬಂದಿತೆಂಬುದು ಅಲ್ಲಿನ ಪರಂಪರಾಗತ ನಿರೂಪಣೆ. 1666ರ ಜೂನ್‌ನಲ್ಲಿ ಪಾದ್ರಿ ವಿಲಿಯಂ ಮಾಂಪೆಸನ್ ಮತ್ತು ಅವರಿಗಿಂತ ಹಿಂದೆ ಅಲ್ಲಿ ಪಾದ್ರಿಯಾಗಿದ್ದ ಥಾಮಸ್ ಸ್ಟಾನ್ಲಿ ಇಬ್ಬರೂ ಒಟ್ಟಾಗಿ ಮನವೊಲಿಸಿದ ಮೇಲೆ, ಊರವರು ತಾವಾಗಿಯೇ ಗಡಿ ದಾಟದಿರಲು ಒಪ್ಪಿದರು, ಸೈನ್ಯದ ಪಾತ್ರವಿರಲಿಲ್ಲ. ನಾಣ್ಯದ ಮೂಲಕ ರೋಗ ಹರಡದಿರಲೆಂದು ಗಡಿಕಲ್ಲಿನ ಕುಳಿಗಳಲ್ಲಿ ವಿನೆಗರ್ ತುಂಬಿ ಅದರೊಳಗೆ ನಾಣ್ಯ ಇಡುತ್ತಿದ್ದರು, ಹೊರಗಿನವರು ಆಹಾರವಿಟ್ಟು ಹಣ ಒಯ್ಯುತ್ತಿದ್ದರು. ಆ ಕುಳಿಗಳನ್ನು ಈಗಲೂ ನೋಡಬಹುದು.

ಸತ್ತವರು ಸುಮಾರು 260 ಮಂದಿ. ಜನಸಂಖ್ಯೆ 350 ಎಂದು ಹಿಂದೆ ಹೇಳುತ್ತಿದ್ದುದರಿಂದ ಊರೇ ಅಳಿಯಿತೆಂಬ ಭಾವನೆ ಬೇರೂರಿರಬೇಕು. ಆದರೆ ಆ ಕಾಲದ ಒಲೆ ತೆರಿಗೆಯ (ಮನೆಯಲ್ಲಿರುವ ಒಲೆಗಳ ಲೆಕ್ಕದಲ್ಲಿ ವಿಧಿಸುತ್ತಿದ್ದ ತೆರಿಗೆ) ದಾಖಲೆಗಳನ್ನು ಪರಿಶೀಲಿಸಿದ ಸಂಶೋಧಕರು ಕನಿಷ್ಠ 700 ಜನರಿದ್ದರೆಂದು ಅಂದಾಜಿಸಿದ್ದಾರೆ. ಅಂದರೆ ಬದುಕುಳಿದವರೇ ಹೆಚ್ಚು. ಪತ್ನಿ ಕ್ಯಾಥರೀನ್‌ರನ್ನು ಕಳೆದುಕೊಂಡ ಮಾಂಪೆಸನ್ ಸ್ವತಃ ಬದುಕುಳಿದರು. ಎಂಟು ದಿನಗಳಲ್ಲಿ ಪತಿಯನ್ನೂ ಆರು ಮಕ್ಕಳನ್ನೂ ತಾನೇ ಮಣ್ಣುಮಾಡಿದ ಎಲಿಜಬೆತ್ ಹ್ಯಾಂಕಾಕ್ ಕೂಡ ಉಳಿದರು. ಗ್ರಾಮದಲ್ಲಿ ಇಂದಿಗೂ ಜನವಸತಿಯಿದೆ.

ದಯವಿಟ್ಟು ಆ ಸಂದೇಶವನ್ನು ಇನ್ನು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳುಹಿಸಿದ್ದರೆ ಅದೇ ಗುಂಪಿಗೆ ಈ ಸ್ಪಷ್ಟನೆಯನ್ನೂ ತಲುಪಿಸಿ.