ಗಪ್ಪಿಯ ಬಾಲಕ್ಕೆ ತಾಯಿಯ ಲೆಕ್ಕವೂ ಬೇಕು

ಮೈಸೂರಿನ ಅಕ್ವೇರಿಯಂ ಅಂಗಡಿಗಳಲ್ಲಿ ಗಪ್ಪಿ ಎಂಬ ಪುಟ್ಟ ಮೀನಿನ ಜೋಡಿ ಕೊಳ್ಳುವ ಬಹಳಷ್ಟು ಜನ ಗಂಡನ್ನು ಬಾಲ ನೋಡಿ ಆರಿಸುತ್ತಾರೆ, ಹೆಣ್ಣನ್ನು ಹೊಟ್ಟೆ ನೋಡಿ ಆರಿಸುತ್ತಾರೆ. ಗಂಡುಗಳನ್ನು ಬಣ್ಣಕ್ಕೊಂದು ಟ್ಯಾಂಕಿನಲ್ಲಿ ಇಟ್ಟು, ಎಲ್ಲ ತಳಿಯ ಹೆಣ್ಣುಗಳನ್ನೂ ಒಂದೇ ಕಡೆ ಬಿಟ್ಟು, ಬಲೆಗೆ ಸಿಕ್ಕಿದ್ದನ್ನು ಕವರಿಗೆ ಹಾಕಿಕೊಡುವ ಅಂಗಡಿಗಳೂ ಇವೆ. ಮರಿಗಳು ಬೆಳೆದು, ಅಪ್ಪನ ಬೀಸಣಿಗೆಯಂತಹ ಬಾಲದ ಸುಳಿವೂ ಕಾಣದಿದ್ದಾಗ ಬೋರ್‌ವೆಲ್ ನೀರನ್ನು ದೂರುವುದು ವಾಡಿಕೆ. ಗಪ್ಪಿಗೆ ಗಡಸು ನೀರು ಚೆನ್ನಾಗಿಯೇ ಒಗ್ಗುತ್ತದೆ. ತಪ್ಪಿನ ಬಹುಪಾಲು ಇರುವುದು ಆ ಹೆಣ್ಣುಗಳ ಟ್ಯಾಂಕಿನಲ್ಲಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಗಂಡಿನ ಪಾಲು ಕಡಿಮೆ ಎಂದು ನಾನು ಹೇಳುತ್ತಿಲ್ಲ. ಮನುಷ್ಯರಲ್ಲಿರುವಂತೆ ಗಪ್ಪಿಯಲ್ಲೂ ಗಂಡಿಗೆ ಒಂದು ಎಕ್ಸ್, ಒಂದು ವೈ. ಹೆಣ್ಣಿಗೆ ಎರಡು ಎಕ್ಸ್ ವರ್ಣತಂತುಗಳು. ಬೆನ್ನಿನ ರೆಕ್ಕೆಯ ಮೇಲಿನ ಚುಕ್ಕೆಯೊಂದು ತಂದೆಯಿಂದ ಗಂಡುಮಕ್ಕಳಿಗೆ ಮಾತ್ರ ಇಳಿದು ಬರುವುದನ್ನು ಡೆನ್ಮಾರ್ಕಿನ ಜೀವವಿಜ್ಞಾನಿ ಯೊಹಾನೆಸ್ ಸ್ಮಿತ್ 1920ರಲ್ಲೇ ತೋರಿಸಿದರು. ಅದೇ ದೇಶದ ಒಯ್ವಿಂಡ್ ವಿಂಗೆ ಆ ಕೆಲಸವನ್ನು ಮುಂದುವರಿಸಿ, 1927ರ ಹೊತ್ತಿಗೆ ಹದಿನೆಂಟು ಜೀನ್‌ಗಳ ಸ್ಥಾನವನ್ನು ವಿವರಿಸಿದರು. ಡಬಲ್ ಸ್ವೋರ್ಡ್ ತಳಿಗಳ ಕತ್ತಿಯಂತಹ ಬಾಲ ಹೆಚ್ಚಾಗಿ ಈ ವೈ ದಾರಿಯಲ್ಲೇ ಬರುತ್ತದೆ. ಆದ್ದರಿಂದ ಬೇರೆ ತಳಿಯ ಹೆಣ್ಣಿಗೆ ಕೂಡಿಸಿದರೂ ಗಂಡುಮರಿಗಳಲ್ಲಿ ಕತ್ತಿಯ ಗುರುತು ಎಷ್ಟೋ ಸಲ ಉಳಿಯುತ್ತದೆ. ಇದನ್ನು ಒಮ್ಮೆ ಕಂಡವರು ಎಲ್ಲ ಬಾಲಗಳೂ ಹೀಗೆಯೇ ಎಂದು ನಂಬಿಬಿಡುತ್ತಾರೆ.

ಬೀಸಣಿಗೆಯಂತೆ ತ್ರಿಕೋನವಾಗಿ ಹರಡಿದ ಡೆಲ್ಟಾ ಬಾಲದ ಕಥೆ ಬೇರೆ. ಅದರ ಅಗಲ, ಬಣ್ಣ, ಅಂಚಿನ ನೇರ ಒಂದೇ ಜೀನಿನ ಕೆಲಸವಲ್ಲ. ಎಕ್ಸ್, ವೈ ಮತ್ತು ಲಿಂಗಕ್ಕೆ ಸಂಬಂಧಿಸದ ವರ್ಣತಂತುಗಳಲ್ಲಿ ಹಂಚಿಹೋದ ಹಲವು ಜೀನ್‌ಗಳು ಸೇರಿ ಅದನ್ನು ರೂಪಿಸುತ್ತವೆ. ತಂದೆಯ ಎಕ್ಸ್ ಮಗನಿಗೆ ಹೋಗುವುದೇ ಇಲ್ಲ, ಮಗಳಿಗೆ ಹೋಗುತ್ತದೆ. ಹಾಗಾಗಿ ನಾವು ಮೆಚ್ಚಿ ತಂದ ಗಂಡಿನ ಬಾಲದ ಗುಣ ಅದರ ಎಕ್ಸ್‌ನಲ್ಲಿದ್ದರೆ, ಗಂಡುಮರಿಗಳಲ್ಲಿ ಅದು ಕಾಣೆಯಾಗಿ, ಹೆಣ್ಣುಮರಿಗಳಲ್ಲಿ ಕಣ್ಣಿಗೆ ಬೀಳದೆ ಅಡಗಿದ್ದು, ಮೊಮ್ಮಕ್ಕಳಲ್ಲಿ ಕೆಲವಕ್ಕೆ ಮಾತ್ರ ಮತ್ತೆ ತಲೆಯೆತ್ತಬಹುದು. ಅಷ್ಟರೊಳಗೆ ಸಪ್ಪೆಯಾಗಿವೆ ಎಂದು ಆ ಹೆಣ್ಣುಗಳನ್ನು ಯಾರಿಗೋ ಕೊಟ್ಟಾಗಿರುತ್ತದೆ. ಇದಕ್ಕಿಂತ ದೊಡ್ಡ ನಷ್ಟ ತಳಿಗೆ ಇನ್ನೊಂದಿಲ್ಲ.

ಎರಡು ತಳಿ ಬೆರೆಸಿದ ಮೊದಲ ಪೀಳಿಗೆ ಒಂದೇ ಸಮನಾಗಿ, ಚೆನ್ನಾಗಿಯೂ ಬಂದು ಆಸೆ ಹುಟ್ಟಿಸಬಹುದು. ಅವುಗಳ ಮರಿಗಳು ಮಾತ್ರ ತಲೆಗೊಂದು ಬಗೆಯಾಗುತ್ತವೆ. ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದ ಕೆ.ಆರ್.ಎಚ್-4 ಹೈಬ್ರಿಡ್ ಭತ್ತ ಬೆಳೆದ ರೈತ ಆ ಫಸಲನ್ನೇ ಮರುವರ್ಷ ಬಿತ್ತನೆಗೆ ಎತ್ತಿಡುವುದಿಲ್ಲ. ಕಾರಣ ಎರಡು ಕಡೆಯೂ ಒಂದೇ.

ಹೆಣ್ಣನ್ನು ನೋಡಿ ಆರಿಸಲು ಸಾಧ್ಯವಿದೆ. ಒಳ್ಳೆಯ ಡೆಲ್ಟಾ ತಳಿಯ ಹೆಣ್ಣನ್ನು ಪಕ್ಕದಿಂದ ನೋಡಿದರೆ, ಬಾಲ ಶುರುವಾಗುವ ಕಡೆ ಮೈ ದಪ್ಪಗಿದ್ದು, ಬಾಲದ ರೆಕ್ಕೆಯೂ ಸಾಮಾನ್ಯ ಹೆಣ್ಣಿನದಕ್ಕಿಂತ ಅಗಲವಾಗಿ ಕಾಣುತ್ತದೆ. ಇನ್ನೊಂದು ಎಚ್ಚರವೂ ಬೇಕು: ಒಮ್ಮೆ ಗಂಡಿನೊಡನೆ ಕೂಡಿದ ಹೆಣ್ಣು ಆ ವೀರ್ಯವನ್ನು ಒಳಗೇ ಉಳಿಸಿಕೊಂಡು ತಿಂಗಳುಗಟ್ಟಲೆ ಮರಿ ಹಾಕಬಲ್ಲದು. ಅಂಗಡಿಯಿಂದ ತಂದ ಹೆಣ್ಣು ಮನೆಯಲ್ಲಿ ಹಾಕಿದ ಮೊದಲ ಮರಿಗಳನ್ನು ನಮ್ಮ ಗಂಡಿನವೆಂದು ಭಾವಿಸಲು ಆಧಾರವೇ ಇರುವುದಿಲ್ಲ. ಗಂಡುಮರಿಯ ಹೊಟ್ಟೆಯಡಿಯ ರೆಕ್ಕೆ ಕಿರಿದಾಗಿ ಕಡ್ಡಿಯಂತಹ ಕೂಡುವ ಅಂಗವಾಗುವ ಮೊದಲೇ, ಹೆಣ್ಣುಮರಿಗಳ ಹಿಂಭಾಗದ ಗರ್ಭದ ಕಲೆ ಗುರುತಿಸಿ, ಅವನ್ನು ಬೇರೆ ಮಾಡಿದರಷ್ಟೇ ಯಾರ ಮರಿ ಯಾವುದೆಂದು ಖಚಿತವಾಗಿ ಹೇಳಬಹುದು.

ರಿಬ್ಬನ್ ತಳಿಯಲ್ಲಂತೂ ಹೆಣ್ಣಿಲ್ಲದೆ ಗತಿಯಿಲ್ಲ. ರೆಕ್ಕೆಗಳನ್ನು ಉದ್ದವಾಗಿಸುವ ಅದೇ ಜೀನ್ ಗಂಡಿನ ಕೂಡುವ ಅಂಗವನ್ನೂ ಉದ್ದವಾಗಿಸುವುದರಿಂದ, ಸಾಮಾನ್ಯವಾಗಿ ರಿಬ್ಬನ್ ಗಂಡಿನಿಂದ ಸಹಜವಾಗಿ ಸಂತಾನವಾಗುವುದಿಲ್ಲ. ರಿಬ್ಬನ್ ಹೆಣ್ಣಿಗೆ ಅದೇ ಸೂಲಿನ ಸಾಧಾರಣ ರೆಕ್ಕೆಯ ಗಂಡನ್ನು ಕೂಡಿಸಿ ತಳಿ ಉಳಿಸಬೇಕು. ಹೀಗಿರುವಾಗ ರಿಬ್ಬನ್ ಗಂಡಿಗೆ ಯಾವುದೋ ಹೆಣ್ಣನ್ನು ಸೇರಿಸಿ ‘ಬ್ರೀಡಿಂಗ್ ಪೇರ್’ ಎಂದು ದುಬಾರಿ ಬೆಲೆಗೆ ಮಾರುವುದು ಅನ್ಯಾಯ. ಮೈಸೂರು, ಮಂಡ್ಯದ ಅಂಗಡಿಯವರಲ್ಲಿ ನನ್ನ ಕೋರಿಕೆ ಇಷ್ಟೇ: ಹೆಣ್ಣುಗಳನ್ನು ಅವುಗಳ ತಳಿಯ ಗಂಡುಗಳ ಪಕ್ಕದ ಟ್ಯಾಂಕಿನಲ್ಲೇ ಇಟ್ಟು, ಎರಡಕ್ಕೂ ಒಂದೇ ಹೆಸರಿನ ಚೀಟಿ ಅಂಟಿಸಿ. ಅಂತಹ ಹೆಣ್ಣಿಗೆ ಗಂಡಿನಷ್ಟೇ ಬೆಲೆ ಕೇಳಿದರೂ ನಾನು ಕೊಡುತ್ತೇನೆ.